ಬಿಳಿ ಬೋರ್ಡಿನ ಬಾಡಿಗೆ

ಜನವರಿ 15, 2006, ಭಾನುವಾರ

ಕಡೆಗೂ ನಮ್ಮ ಕಾರಿಗೊಂದು ಉದ್ಯೋಗ ಸಿಕ್ಕಿತು. ಎರಡು ವರ್ಷದಿಂದ ಅಂಗಳದ ತೆಂಗಿನ ಮರದ ಕೆಳಗೆ ನಿಂತು ಕಾಗೆಗಳಿಗೆ ಮಾತ್ರ ಉಪಕಾರ ಮಾಡುತ್ತಿದ್ದ ಮಾರುತಿ ಅದು. ಮೀನು ಚೆನ್ನಾಗಿ ಬಿದ್ದ ವರ್ಷದ ಅಮಲಿನಲ್ಲಿ ನಮ್ಮ ಯಜಮಾನರು ಕೊಂಡದ್ದು. ಸಾಲ ಸಿಗುವುದು ಸಂಬಳದವರಿಗೆ ಎಂದು ನನ್ನ ಹೆಸರಿನಲ್ಲಿ ಕೊಂಡದ್ದು. ಇವರು ಮಲ್ಪೆಯಲ್ಲಿ ಬೋಟು ನಡೆಸುವ ತಾಂಡೇಲ. ಹತ್ತು ದಿನ ಕಡಲಿನಲ್ಲಿ, ಎರಡು ದಿನ ಮನೆಯಲ್ಲಿ. ಗೋವೆಯಾಚೆಯ ನೀರಿನಲ್ಲಿ ಕತ್ತಲಲ್ಲೂ ದಾರಿ ಹಿಡಿಯುವ ಚೆನ್ನಪ್ಪನವರಿಗೆ ಕಾಪು ಪೇಟೆಯಲ್ಲಿ ಕಾರು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ನನಗೆ ಮುಂದಕ್ಕೂ ಬರುವುದಿಲ್ಲ.

ಕೆಲಸ ಕೊಡಿಸಿದವರು ರೊಸಾರಿಯೊ. ಉಡುಪಿಯಲ್ಲಿ ಟ್ರಾವೆಲ್ಸ್ ಎಂಬ ಹೆಸರಿನ ಒಂದು ಮೇಜು ಇಟ್ಟುಕೊಂಡಿದ್ದಾರೆ. ಗಲ್ಫಿನಿಂದ ರಜೆಗೆ ಬಂದವರಿಗೆ ಊರವರ ಮನೆಯ ಕಾರುಗಳನ್ನು ತಿಂಗಳ ಲೆಕ್ಕದಲ್ಲಿ ಕೊಡಿಸುವುದು ಅವರ ಕಸುಬು. ಇವತ್ತು ಕರೆತಂದದ್ದು ಮಲೇಷ್ಯಾದವರನ್ನು. ಹೆಸರು ಮ್ಯಾಥ್ಯೂ. ಅಜ್ಜನ ಕಾಲದಲ್ಲಿ ಕೇರಳದಿಂದ ಹೋದವರಂತೆ, ಅಲ್ಲಿ ಔಷಧದ ಅಂಗಡಿ. ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಮಗಳಿಗೆ ಕಾಮಾಲೆಯಾಗಿ, ಗಂಡ ಹೆಂಡತಿ ಮೂರು ತಿಂಗಳಿಗೆಂದು ಬಂದಿದ್ದಾರೆ. ಕೈಯಲ್ಲೊಂದು ಪುಟ್ಟ ನೋಟುಬುಕ್ಕು. ಅದರಲ್ಲಿ ವಿಮಾನ ನಿಲ್ದಾಣದ ಕಂಪನಿಯ ದರ, ಹೋಟೆಲಿನ ಕಾರಿನ ದರ, ದಿನದ ಟ್ಯಾಕ್ಸಿಯ ದರ, ಎಲ್ಲಕ್ಕಿಂತ ಕೆಳಗೆ ನಮ್ಮ ಕಾರು.

"ನೋಡಿ ರತ್ನಕ್ಕ," ರೊಸಾರಿಯೊ ವಿವರಿಸಿದರು. "ಹಳದಿ ಬೋರ್ಡಿನ ಟ್ಯಾಕ್ಸಿ ಅಂದರೆ ಟ್ಯಾಕ್ಸು, ಪರ್ಮಿಟ್ಟು, ಇನ್ಶೂರೆನ್ಸು, ಎಲ್ಲ ಡಬ್ಬಲ್. ಅದನ್ನು ಕೊನೆಗೆ ಕೊಡುವವರು ಯಾರು? ಈ ಪಾಪದ ಜನ. ನಿಮ್ಮದು ಬಿಳಿ ಬೋರ್ಡು, ಮನೆಯ ಕಾರು. ಇವರಿಗೂ ಉಳಿಯಿತು, ನಿಮಗೂ ಸಿಕ್ಕಿತು."

"ಯಾರಾದರೂ ಕೇಳಿದರೆ?"

"ಎಂತ ಕೇಳುವುದು ಮಾರಾಯ್ರೆ? ದೋಸ್ತಿಯವರು, ಪ್ರೀತಿಯಲ್ಲಿ ಕೊಟ್ಟದ್ದು ಅಂತ ಹೇಳಿ. ಕಾಗದ ಪತ್ರ ಮಾತ್ರ ಬೇಡ. ಪ್ರೀತಿಗೆ ಕಾಗದ ಉಂಟಾ?"

ಮ್ಯಾಥ್ಯೂ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಏನಾದರೂ ಆದರೆ ವಿಮೆ ಇದೆಯೇ? ರೊಸಾರಿಯೊ "ಫುಲ್ ಸರ್, ಫುಲ್" ಎಂದರು. ಅವರು ನನ್ನ ಮುಖ ನೋಡಿದರು. ನಾನೂ ತಲೆಯಾಡಿಸಿದೆ. ಊಟ ಆಯಿತೇ ಎಂದು ಕೇಳಿದರೆ ಆಗದಿದ್ದರೂ ಆಡಿಸುತ್ತೇವಲ್ಲ, ಹಾಗೆ.

ರೊಸಾರಿಯೊ ಆಚೆ ಹೋದ ಮೇಲೆ ಒಂದು ಕೆಲಸ ಮಾಡಿದೆ. ಮೀನುಗಾರರ ಸೊಸೈಟಿಯಲ್ಲಿ ಇಪ್ಪತ್ತೊಂದು ವರ್ಷ ಗುಮಾಸ್ತೆಯಾದವಳ ಕೈಗೆ ಹಣ ತೆಗೆದುಕೊಂಡು ಸುಮ್ಮನಿರಲು ಬರುವುದಿಲ್ಲ. ರೆವಿನ್ಯೂ ಸ್ಟ್ಯಾಂಪು ಅಂಟಿಸಿ, ಅದರ ಮೇಲೆ ಸಹಿ ಹಾಕಿ, "ಕಾರಿನ ಮೂರು ತಿಂಗಳ ಬಾಡಿಗೆ ಮುಂಗಡ ಸಂದಿದೆ" ಎಂದು ಚೆಂದದ ಅಕ್ಷರದಲ್ಲಿ ರಶೀದಿ ಬರೆದುಕೊಟ್ಟೆ. ಕನ್ನಡ ಓದಲು ಬಾರದ ಮನುಷ್ಯ ಅದನ್ನು ಗೌರವದಿಂದ ಮಡಚಿಟ್ಟುಕೊಂಡರು.

ಮರದಡಿ ನಿಂತರೆ ಹಿಡಿವುದು ತುಕ್ಕು,
ಬಾಡಿಗೆಗೋಡಿದರೆ ಸಾಲಕ್ಕೆ ದಿಕ್ಕು.

ಜನವರಿ 24, ಮಂಗಳವಾರ

ಸೊಸೈಟಿಯಲ್ಲಿ ನನ್ನ ಪಕ್ಕದ ಮೇಜಿನ ಪ್ರೆಸಿಲ್ಲಾಳ ಗಂಡ ವಿಮೆ ಏಜೆಂಟು. ಊಟದ ಡಬ್ಬಿ ತೆರೆಯುತ್ತ ಕಾರಿನ ಸುದ್ದಿ ಹೇಳಿದೆ. ಅವಳ ಕೈ ತುತ್ತಿನೊಂದಿಗೆ ಅರ್ಧದಲ್ಲಿ ನಿಂತಿತು.

"ಬಾಡಿಗೆಗಾ? ರತ್ನಕ್ಕ, ಮನೆ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ಕಂಪನಿ ಕೊಡುವುದಿಲ್ಲ. ನಮ್ಮವರು ಎಲ್ಲರಿಗೂ ಹೇಳ್ತಾರೆ, ಯಾರೂ ಕೇಳುವುದಿಲ್ಲ."

"ರೊಸಾರಿಯೊ ಫುಲ್ ಅಂದರು."

"ಅವರ ಹೊಟ್ಟೆ ಫುಲ್."

ಮನೆಗೆ ಬಂದು ಪಾಲಿಸಿ ಹುಡುಕಿದೆ. ಇರುವೆಯ ಸಾಲಿನಂಥ ಇಂಗ್ಲಿಷು. ಬಿ.ಎ. ವರೆಗೆ ಕನ್ನಡದಲ್ಲೇ ಓದಿದವಳಿಗೆ ನಿಘಂಟು ಬೇಕಾಯಿತು. ಎಂಟು ಗಂಟೆಗೆ ಕುಳಿತವಳು ಒಂಬತ್ತೂವರೆಗೆ ಆ ಸಾಲು ಹಿಡಿದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸಿದರೆ ಇಲ್ಲ. ಪ್ರೆಸಿಲ್ಲಾ ಹೇಳಿದ್ದು ಸರಿ.

ವಿಮೆಯುಂಟು, ವಿಮೆಯಿಲ್ಲ;
ನನಗಿನ್ನು ನಿದ್ದೆಯಿಲ್ಲ.

ಫೆಬ್ರವರಿ 5, ಭಾನುವಾರ

ಫೋನು ಬಡಿದುಕೊಂಡರೆ ಕಾರಿನದೇ ಸುದ್ದಿ ಎಂದು ಓಡುತ್ತೇನೆ. ಇವತ್ತು ಬಂದ ಮೂರು ಫೋನಿನಲ್ಲಿ ಎರಡು ತಪ್ಪು ನಂಬರು, ಒಂದು ನಾದಿನಿ. ಮೂರಕ್ಕೂ ಒಂದೇ ಬೆವರು.

ಕಾರು ವಾಪಸು ಕೇಳೋಣವೆಂದರೆ ಮುಂಗಡ ಬ್ಯಾಂಕಿನ ಕಂತಿಗೆ ಹೋಗಿ ಮುಗಿದಿದೆ. ಇವರು ಎರಡು ದಿನಕ್ಕೆ ಬಂದು ಹೋದರು. ವಿಮೆಯ ವಿಷಯ ಹೇಳಲಿಲ್ಲ. "ಕಾರಿಲ್ಲದೆ ಅಂಗಳ ದೊಡ್ಡದಾಯಿತು" ಎಂದು ಸಂತೋಷಪಟ್ಟರು.

ಏಪ್ರಿಲ್ ಹದಿನೈದರ ತನಕ ಏನೂ ಆಗದಿದ್ದರೆ ಸಾಕು. ಎಪ್ಪತ್ತು ದಿನ. ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಗೆರೆ ಎಳೆಯತೊಡಗಿದ್ದೇನೆ.

ಫೆಬ್ರವರಿ 19, ಭಾನುವಾರ

ಆಯಿತು.

ಮ್ಯಾಥ್ಯೂ ಕಾರ್ಕಳದ ಅತ್ತೂರಿಗೆ ಇಗರ್ಜಿಗೆ ಹೋಗಿ ಬರುತ್ತಿದ್ದರಂತೆ. ಬೈಲೂರಿನ ತಿರುವಿನಲ್ಲಿ ಸೈಕಲ್ಲಿನವನಿಗೆ ಹೊಡೆಯಿತು. ಬದುಕಿದ್ದಾನೆ. ಕಾಲು.

ಕಾಲು ಎಂದು ಬರೆದ ಕೂಡಲೇ ಪಾಲು, ಸಾಲು, ಸೋಲು ಎಂದು ತಾವಾಗಿ ಬಂದು ನಿಂತವು. ಪೆನ್ನು ಮುಚ್ಚುತ್ತೇನೆ.

ಫೆಬ್ರವರಿ 20, ಸೋಮವಾರ

ಮೊದಲು ಕಾರ್ಕಳ ಠಾಣೆ. ನಮ್ಮ ಕಾರು ಅಲ್ಲಿ ಒಂದು ಕಣ್ಣು ಒಡೆದುಕೊಂಡು ನಿಂತಿತ್ತು. ರೊಸಾರಿಯೊ ಬಾಗಿಲಲ್ಲೇ ಹಿಡಿದು ಪಿಸುಗುಟ್ಟಿದರು, "ದೋಸ್ತಿ. ನೆನಪುಂಟಲ್ಲ? ದೋಸ್ತಿ." ಬರೆಯುವ ಪೊಲೀಸಿನವರು ಕೇಳಿದರು, ನಾನು ಹೇಳಿದೆ. "ಸ್ನೇಹಿತರಿಗೆ ಉಚಿತವಾಗಿ ಕೊಟ್ಟಿದ್ದು" ಎಂದು ಅವರು ಬರೆದರು, ನಾನು ಸಹಿ ಹಾಕಿದೆ. ಇಪ್ಪತ್ತೊಂದು ವರ್ಷದಲ್ಲಿ ಇಷ್ಟು ಕೆಟ್ಟ ಸಹಿ ಹಾಕಿಲ್ಲ.

ಆಮೇಲೆ ಮಣಿಪಾಲದ ಆಸ್ಪತ್ರೆ. ಹೋಗಬೇಡಿ ಎಂದು ರೊಸಾರಿಯೊ ಹೇಳಿದ್ದರು. ಆದರೆ ಪೆಟ್ಟಾದ ಮನುಷ್ಯ ಏನು ಹೇಳುತ್ತಿದ್ದಾನೆ ಎಂದು ತಿಳಿಯದೆ ಮನೆಯಲ್ಲಿ ಕೂರುವುದು ಇನ್ನೂ ಕಷ್ಟ. ಹೆಸರು ಕಲ್ಲಯ್ಯ. ಕೊಪ್ಪಳದ ಕಡೆಯವನು, ಕಟ್ಟಡದ ಕೆಲಸ. ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದು ಹೊರಗೆ ಬಂದಿತ್ತಂತೆ. ಒಳಗೆ ಕಬ್ಬಿಣ ಹಾಕಿದ್ದಾರೆ. ದುಡ್ಡು ಮ್ಯಾಥ್ಯೂ ಕಟ್ಟಿದ್ದಾರೆ.

ಮಂಚದ ಪಕ್ಕ ನೆಲದ ಮೇಲೆ ಅವನ ಹೆಂಡತಿ ಕುಳಿತಿದ್ದಳು, ರೇಣುಕವ್ವ. ಎದ್ದು ನಿಂತು ಸೆರಗು ಹೊದ್ದಳು.

"ಬರ್ರಿ ಅಕ್ಕಾರ. ನೀವು ಯಾರ್ರಿ?"

"ಪರಿಚಯದವರು," ಎಂದೆ. "ಕಾರಿನವರ ಪರಿಚಯದವರು."

ಸುಳ್ಳಲ್ಲ. ಆ ಕಾರಿನವಳನ್ನು ನಾನು ನಲವತ್ತಾರು ವರ್ಷದಿಂದ ಬಲ್ಲೆ.

ಫೆಬ್ರವರಿ 23, ಗುರುವಾರ

ಬರಿಗೈಯಲ್ಲಿ ಹೋದರೆ ಅನುಮಾನ ಬರುತ್ತದೆಂದು ಕುಚ್ಚಲಕ್ಕಿ ಗಂಜಿ ಮತ್ತು ಬಂಗುಡೆ ಗಸಿ ಮಾಡಿಕೊಂಡು ಹೋದೆ. ನಮ್ಮಲ್ಲಿ ಕಾಯಿಲೆಯವರಿಗೆ ಅದೇ ಔಷಧ. ಮುಚ್ಚಳ ತೆಗೆದದ್ದೇ ತಡ, ರೇಣುಕವ್ವ ಮೂಗಿಗೆ ಸೆರಗು ಒತ್ತಿದಳು.

"ನಾವು ಮೀನ ತಿನ್ನಂಗಿಲ್ರಿ ಅಕ್ಕಾರ. ಸ್ವಾಮ್ಯಾರ ಮಂದಿ." ನನ್ನ ಮುಖ ನೋಡಿ ಅವಳಿಗೇ ಪಾಪವೆನಿಸಿರಬೇಕು. "ಆದ್ರ ಚಲೋ ಆತು ಬಿಡ್ರಿ. ನಾಕು ದಿನದಿಂದ ಕಣ್ಣ ತೆರೀದಾವ್ರು ವಾಸನಿಗೆ ತೆರದ್ರು ನೋಡ್ರಿ."

ಕಲ್ಲಯ್ಯ ನಿಜವಾಗಿ ಕಣ್ಣು ತೆರೆದಿದ್ದ. ನನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿದೆಯೆ? ಬಸ್ಸಿನಲ್ಲಿ ಉದ್ಯಾವರದ ತನಕ ಅದೊಂದೇ ಯೋಚನೆ. ಗಸಿಯ ಡಬ್ಬಿ ಮಡಿಲಲ್ಲಿ ಚೆಲ್ಲಿದ್ದು ಇಳಿದ ಮೇಲೆ ತಿಳಿಯಿತು.

ಮಾರ್ಚ್ 2, ಗುರುವಾರ

ವಿಮೆ ಕಂಪನಿಯ ಪರವಾಗಿ ವಿಚಾರಿಸುವವರು ಬಂದಿದ್ದರು. ಬೂಬಣ್ಣ ಎಂದು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಸ್ಕೂಟರನ್ನು ಕಾರಿದ್ದ ಜಾಗದಲ್ಲೇ ನಿಲ್ಲಿಸಿದರು. ಬೈಯುವವರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಬಹಳ ಮೃದು ಮನುಷ್ಯ.

"ಮಲೇಷ್ಯಾದವರು ನಿಮಗೆ ಹೇಗೆ ದೋಸ್ತಿ, ಅಕ್ಕ?"

"ನಮ್ಮವರ ಕಡೆಯಿಂದ."

"ಚೆನ್ನಪ್ಪಣ್ಣನ ಬೋಟು ಅಷ್ಟು ದೂರ ಹೋಗ್ತದಾ?" ನಕ್ಕರು. ನಾನೂ ನಕ್ಕೆ. "ಅವರ ಮಗಳ ಹೆಸರು ಎಂತ?"

"ಅದು... ಮರೆತುಹೋಯಿತು."

"ಅಡ್ಡಿಲ್ಲ. ದೋಸ್ತಿಯಲ್ಲಿ ಮರೆವು ಇರ್ತದೆ." ಚಹಾ ಪೂರ್ತಿ ಕುಡಿದು ಲೋಟ ಮೆಲ್ಲಗೆ ಕೆಳಗಿಟ್ಟರು. "ನೋಡಿ ಅಕ್ಕ, ಪೆಟ್ಟಾದವನಿಗೆ ಹೇಗೂ ಕೋರ್ಟು ಕೊಡಿಸ್ತದೆ. ಬಾಡಿಗೆ ಅಂತಾದರೆ ಹೆಚ್ಚಾಗಿ ಕಂಪನಿಯೇ ಮೊದಲು ಕಟ್ಟಿ ಆಮೇಲೆ ಮಾಲಕರಿಂದ ವಸೂಲು ಮಾಡುವುದು. ಅವನಿಗೆ ನಷ್ಟ ಇಲ್ಲ. ಆದರೆ ಬಾಡಿಗೆ ಹೌದಾ ಅಲ್ಲವಾ ಅಂತ ಗೊತ್ತಾಗದೆ ನಾನು ರಿಪೋರ್ಟು ಬರೆಯುವುದಿಲ್ಲ. ರಿಪೋರ್ಟು ಹೋಗದೆ ಕಂಪನಿ ಒಂದು ರೂಪಾಯಿ ಬಿಚ್ಚುವುದಿಲ್ಲ. ಈ ಮನೆ ಚೆನ್ನಪ್ಪಣ್ಣನದ್ದಾ?"

"ನನ್ನದು. ತಾಯಿಯ ಕಡೆಯಿಂದ ಬಂದದ್ದು."

ಅಷ್ಟು ಹೊತ್ತು ಏನೂ ಬರೆಯದವರು ಅದನ್ನು ಮಾತ್ರ ಬರೆದುಕೊಂಡರು.

ನಮ್ಮಲ್ಲಿ ಮನೆ ಹೆಣ್ಣಿನದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಮೂರು ತಲೆಮಾರಿನ ಹೆಂಗಸರು ಮೀನಿನ ಬುಟ್ಟಿ ಹೊತ್ತು ಉಳಿಸಿಕೊಂಡದ್ದನ್ನು ನಾನು ಮೂರು ತಿಂಗಳ ಬಾಡಿಗೆಗೆ ಕಳೆಯುತ್ತೇನೆ.

ಮಾರ್ಚ್ 6, ಸೋಮವಾರ

ರಶೀದಿ! ನಿನ್ನೆಯಿಂದ ತಲೆಯಲ್ಲಿ ಅದೊಂದೇ. ಮಣಿಪಾಲದಲ್ಲಿ ಮ್ಯಾಥ್ಯೂ ಇದ್ದ ಕೋಣೆಗೆ ಓಡಿದೆ. ಅವರು ಸೊರಗಿಹೋಗಿದ್ದಾರೆ. ಪಾಸ್‌ಪೋರ್ಟು ಠಾಣೆಯಲ್ಲಿದೆ. ಅವರು ಊರಿನಿಂದ ಮಾಡಿಸಿಕೊಂಡು ಬಂದ ಪ್ರವಾಸದ ವಿಮೆ ಅವರಿಗೆ ಮೂಗು ಸೋರಿದರೂ ಕೊಡುತ್ತದಂತೆ, ಅವರು ಗುದ್ದಿದವರಿಗೆ ಕೊಡುವುದಿಲ್ಲವಂತೆ.

ನನ್ನ ಹರಕು ಇಂಗ್ಲಿಷಿನಲ್ಲಿ ರಶೀದಿ ಕೇಳಿದೆ. ಅವರು ಫೈಲು ತೆರೆದು, ಪ್ಲಾಸ್ಟಿಕ್ಕಿನ ಹಾಳೆಯೊಳಗಿಂದ ತೆಗೆದು, ಎರಡೂ ಕೈಯಲ್ಲಿ ಕೊಟ್ಟರು. ಬೂಬಣ್ಣ ಬಂದು ಹಣ ಕೊಟ್ಟಿದ್ದೀರಾ ಎಂದು ಕೇಳಿದರಂತೆ. "ಕಾರಿನವರನ್ನೇ ಕೇಳಿ ಎಂದೆ," ಎಂದರು. ವಿಮೆಯ ವಿಷಯ ಅವರು ಕೇಳಿದ್ದು, ನಾನು ತಲೆಯಾಡಿಸಿದ್ದು, ಇಬ್ಬರಿಗೂ ನೆನಪಿತ್ತು.

ಬಚ್ಚಲ ಒಲೆಗೆ ಹಾಕಿದೆ. ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಈಗ ಲೋಕದಲ್ಲಿ ಸಾಕ್ಷಿಯಿಲ್ಲ.

ಹೀಗಿದ್ದೂ ಬಾಗಿಲಿಗೆ ಚಿಲಕ ಹಾಕಿದೆನೇ ಎಂದು ಎರಡು ಸಲ ನೋಡಿ ಬಂದೆ.

ಮಾರ್ಚ್ 14, ಮಂಗಳವಾರ

ಉಡುಪಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಮೊದಲ ರೊಟ್ಟಿ ಮಲೇಷ್ಯಾದ ನಕ್ಷೆಯಂತಾಯಿತು: ಎರಡು ತುಂಡು, ನಡುವೆ ಸಮುದ್ರ. ನೀರು ಕುದಿಸಿ ಹಾಕಬೇಕೆಂದು ರೇಣುಕವ್ವ ಹೇಳಿಕೊಟ್ಟಳು. "ಅದನ್ನ ಬಡೀಬೇಕ್ರಿ ಅಕ್ಕಾರ, ಜೋಗುಳಾ ಹಾಡಿದ್ರ ರೊಟ್ಟಿ ಆಗಂಗಿಲ್ಲ." ಕಲ್ಲಯ್ಯ ನನ್ನ ರೊಟ್ಟಿಯನ್ನು ತಿರುಗಿಸಿ ನೋಡಿ, "ಇದನ್ನ ಅಡಿಪಾಯಕ್ಕ ಹಾಕಬಹುದ್ರಿ" ಎಂದ. ಇಷ್ಟು ದಿನದಲ್ಲಿ ಅವನು ನನ್ನೊಂದಿಗೆ ಆಡಿದ ಮೊದಲ ಮಾತು.

ಮೇಸ್ತ್ರಿ ಕಲ್ಲಯ್ಯನ ಸಂಬಳ ನಿಲ್ಲಿಸಿದ್ದಾನೆ. ರೇಣುಕವ್ವ ಬೆಳಿಗ್ಗೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆದು ಬರುತ್ತಾಳೆ. ಗಾಯದ ಕೆಳಗಿನ ಚರ್ಮದ ಬಣ್ಣ ನನಗೆ ಸರಿ ಕಾಣಲಿಲ್ಲ. ನರ್ಸಿಗೆ ಹೇಳಿದೆ. ಮತ್ತೆ ಸಂಜೆಯೂ ಹೇಳಿದೆ.

ಬೂಬಣ್ಣ ಸೊಸೈಟಿಗೆ ಫೋನು ಮಾಡಿದ್ದರೆಂದು ಪ್ರೆಸಿಲ್ಲಾ ಹೇಳಿದಳು. ಏನಂತೆ ಎಂದು ಕೇಳಲು ಮರೆತೆ.

ಮಾರ್ಚ್ 21, ಮಂಗಳವಾರ

ಮ್ಯಾಥ್ಯೂ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಪಾಸ್‌ಪೋರ್ಟು ಸಿಕ್ಕಿ ಇವತ್ತು ಹೊರಟರು. ಹೋಗುವ ಮುಂಚೆ ಕಲ್ಲಯ್ಯನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ.

ಇವರಿಗೆ ಬಂದರಿನಲ್ಲಿ ಸುದ್ದಿ ಸಿಕ್ಕಿತ್ತು. ಬಂದವರೇ ಬುಟ್ಟಿ ಇಳಿಸದೆ ಕೇಳಿದರು.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕಡಲಿನಲ್ಲಿದ್ದಿರಿ."

"ಹೋದ ಸಲ ಇಲ್ಲೇ ಇದ್ದೆನಲ್ಲ, ನಿನ್ನ ಎದುರು ಕೂತು ಉಂಡೆನಲ್ಲ!" ಬುಟ್ಟಿ ಕೆಳಗಿಟ್ಟು, "ಮನೆ ಹೋಗ್ತದಾ?" ಎಂದರು. ಬಿರುಗಾಳಿಯ ದಿನ ರೇಡಿಯೊ ಕೇಳುವಾಗಲೂ ಈ ಮುಖ ಕಂಡಿಲ್ಲ.

"ಗೊತ್ತಿಲ್ಲ. ಅವನಿಗೆ ರಾತ್ರಿ ಮೈ ಬಿಸಿ ಇತ್ತು. ನಾಳೆ ಬೇಗ ಹೋಗಬೇಕು," ಎಂದೆ.

ಇವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮಾರ್ಚ್ 27, ಸೋಮವಾರ

ಬೆಳಿಗ್ಗೆ ರೇಣುಕವ್ವ ಯಾರದೋ ಮೊಬೈಲಿನಿಂದ ಸೊಸೈಟಿಗೆ ಫೋನು ಮಾಡಿಸಿದಳು. ಜ್ವರ ಏರಿದೆ. ಗಾಯದಲ್ಲಿ ಕೀವು. ನಾಳೆ ತೆರೆದು ನೋಡುತ್ತಾರಂತೆ, ಉಳಿಸಲು ಆಗದಿದ್ದರೆ ಮೊಣಕಾಲಿನಿಂದ ಕೆಳಗೆ ತೆಗೆಯುತ್ತಾರಂತೆ. "ಗೋಡಿ ಕಟ್ಟಾವ್ರು ಒಂದ ಕಾಲಾಗ ಹೆಂಗ ಏರ್ತಾರ್ರಿ?" ಎಂದು ಫೋನಿನಲ್ಲೇ ಅತ್ತಳು.

ರಜೆ ಹಾಕಿ ಮನೆಗೆ ಬಂದು, ಮೆತ್ತಗೆ ಅನ್ನ ಬೇಯಿಸಿ, ಬಟ್ಟೆ ತುಂಬಿ ಹೊರಟರೆ ಬಾಗಿಲಲ್ಲಿ ಬೂಬಣ್ಣ. ಎರಡು ಗಂಟೆ ಹತ್ತು ನಿಮಿಷದ ಎಕ್ಸ್‌ಪ್ರೆಸ್ಸಿಗೆ ಆರು ನಿಮಿಷವಿತ್ತು.

"ಒಂದೆರಡು ಪ್ರಶ್ನೆ ಅಕ್ಕ. ಆ ಮಲೇಷ್ಯಾದವರು ಹೋದರಂತಲ್ಲ. ಅವರು ನಿಮ್ಮಲ್ಲಿಗೆ ಮೊದಲ ಸಲ ಬಂದದ್ದು..."

"ಜನವರಿ ಹದಿನೈದಕ್ಕೆ. ಬಾಡಿಗೆಗೆ. ಮೂರು ತಿಂಗಳದ್ದು ಒಟ್ಟಿಗೆ ತೆಗೆದುಕೊಂಡೆ, ರಶೀದಿ ಸುಟ್ಟೆ. ದೋಸ್ತಿ ಇಲ್ಲ, ಮಣ್ಣಿಲ್ಲ. ರಿಪೋರ್ಟು ಇವತ್ತೇ ಬರೆದು ಕಳಿಸಿ, ಅವನಿಗೆ ಔಷಧಕ್ಕೆ ಇಲ್ಲ. ಎಲ್ಲಿ ಸಹಿ?"

ಬೂಬಣ್ಣ ಪೆನ್ನು ಹುಡುಕಲು ಎಷ್ಟು ಹೊತ್ತು ಮಾಡಿದರೆಂದರೆ ನಾನೇ ನನ್ನದನ್ನು ಕೊಟ್ಟೆ. ಅವರು ಹೇಳಿದಂತೆ ನಾಲ್ಕು ಸಾಲು ನಿಂತಲ್ಲೇ ಬರೆದೆ. "ಅಕ್ಕ, ಕುಳಿತು ಯೋಚಿಸಿ, ವಕೀಲರನ್ನು ಕೇಳಿ..." ಎನ್ನುತ್ತಿದ್ದರು.

"ಬಸ್ಸು ತಪ್ಪುತ್ತದೆ ಮಾರಾಯ್ರೆ!"

ತಪ್ಪಿಯೇ ಹೋಯಿತು. ಕೊನೆಗೆ ಅವರ ಸ್ಕೂಟರಿನ ಹಿಂದೆ ಕುಳಿತು ಉಡುಪಿಯ ತನಕ ಹೋದೆ. ಕಲ್ಲಯ್ಯನಿಗೆ ನೂರ ಮೂರು ಜ್ವರ. ದೇವರೇ, ನಾಳೆ.

ಮಾರ್ಚ್ 28, ಮಂಗಳವಾರ

ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹನ್ನೊಂದೂಮುಕ್ಕಾಲು. ಬಾಗಿಲು ಎರಡು ಸಲ ತೆರೆಯಿತು, ಎರಡು ಸಲವೂ ಬೇರೆಯವರಿಗೆ. ರೇಣುಕವ್ವ ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಅಕ್ಷರ ಸೊಟ್ಟ.

ಏಪ್ರಿಲ್ 11, ಮಂಗಳವಾರ

ಕಾಲು ಉಳಿದಿದೆ. ಹಳೆಯ ಕಬ್ಬಿಣ ತೆಗೆದು ಹೊರಗಿನಿಂದ ಬೇರೆ ಕಟ್ಟಿದ್ದಾರೆ. ಸ್ವಲ್ಪ ಗಿಡ್ಡವಾಗುತ್ತದೆ, ಆರು ತಿಂಗಳು ಊರಬಾರದು. ಇವತ್ತು ಡಾಕ್ಟರು ಹೇಳಿದಾಗ ಹೆಬ್ಬೆರಳು ಅಲ್ಲಾಡಿಸಿದ. ಮೂರು ಸಲ ಅಲ್ಲಾಡಿಸಿ ತೋರಿಸಿದ, ಮೂರು ಸಲವೂ ನಾವಿಬ್ಬರೂ ಬಗ್ಗಿ ನೋಡಿದೆವು.

ಹೊರಗೆ ನಲ್ಲಿಯ ಹತ್ತಿರ ಡಬ್ಬಿ ತೊಳೆಯುವಾಗ ರೇಣುಕವ್ವನಿಗೆ ಹೇಳಿಬಿಟ್ಟೆ. ಕಾರು ನನ್ನದು, ಬಾಡಿಗೆಗೆ ಕೊಟ್ಟದ್ದು, ಪರಿಚಯದವರು ಎಂದದ್ದು ಸುಳ್ಳು. ಅವಳು ಡಬ್ಬಿ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ರಿ ಅಕ್ಕಾರ. ಮೊದಲನೇ ದಿನಾನ ಪೊಲೀಸಪ್ಪ ಹೇಳಿದ್ದ, ಆ ಕನ್ನಡಕದಾಕಿ ಮಾಲಕಿ ಅಂತ."

"ಮತ್ತೆ ಯಾಕೆ ಕೇಳಲಿಲ್ಲ? ಬೈಯಬೇಕಿತ್ತು."

"ಬೈಬೇಕಂತ ಇತ್ರಿ ಭಾಳ. ಬೈದ್ರ ನೀವು ಬರೋದ ಬಿಟ್ರ? ಈ ಊರಾಗ ನಮ್ಮ ಹಂತೇಕ ಬರಾವ್ರು ಯಾರದಾರ? ದಿನಾ ನೀವು ಬಾಗಲಾಗ ಕಾಣೂತನಕ ಅಂಜಿಕಿ. ಇವತ್ತ ಬರ್ತಾರೋ, ಗೊತ್ತಾಗಿ ಓಡಿದ್ರೋ ಅಂತ." ಡಬ್ಬಿ ಒರೆಸಿ ನನ್ನ ಚೀಲಕ್ಕೆ ಹಾಕಿದಳು. "ನಾಳಿ ಬರ್ತೀರಲ್ರಿ?"

ಬರುತ್ತೇನೆ ಎಂದೆ.

ಮನೆಗೆ ಬಂದರೆ ಕಂಪನಿಯ ರಿಜಿಸ್ಟರ್ ಪತ್ರ. ಪೋಸ್ಟಿನವರು ಪಕ್ಕದ ಮನೆಯಲ್ಲಿ ಸಹಿ ಹಾಕಿಸಿ ಕೊಟ್ಟುಹೋಗಿದ್ದರು. ದಪ್ಪ ಇದೆ, ನಾಲ್ಕೈದು ಪುಟ ಇರಬಹುದು. ಬೆಳಕಿಗೆ ಹಿಡಿದು ನೋಡಿದೆ, ಇಂಗ್ಲಿಷು. ಚೀಲದಲ್ಲಿ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ನಾಳೆ ಮಣಿಪಾಲದಲ್ಲಿ ರೇಣುಕವ್ವನ ಪಕ್ಕ ಬೆಂಚಿನ ಮೇಲೆ ಕುಳಿತು ಒಡೆಯುತ್ತೇನೆ. ಅವಳಿಗೆ ಕನ್ನಡವೂ ಓದಲು ಬರುವುದಿಲ್ಲ. ಆದರೂ ಒಬ್ಬಳೇ ಒಡೆಯಲು ಹೆದರಿಕೆಯಾಗುತ್ತದೆ.